ಐವತ್ತು ನಿಮಿಷದ ಹುಬ್ಬಳ್ಳಿ

ಎರಡು ಊರುಗಳ ನಡುವೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕುವ ಚಟ ನಿಮಗೂ ಇದ್ದೀತು. ಹೋಗುವ ಕೆಲಸ ಇರುವುದಿಲ್ಲ, ಹೋಗುವ ಆಸೆಯೂ ಇರುವುದಿಲ್ಲ. ಆದರೂ ರಾತ್ರಿ ಊಟ ಮುಗಿಸಿ ಮಲಗುವ ಮೊದಲು, ಬೀದರ್‌ನಿಂದ ಮೈಸೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ನೋಡಿ, ‘ಓ, ಇಷ್ಟೇಯಾ!’ ಎಂದು ಸಮಾಧಾನಪಟ್ಟು ದೀಪ ಆರಿಸುತ್ತೇವೆ. ಅಲ್ಲಿಯವರೆಗೆ ಯಾರಿಗೂ ನಷ್ಟವಿಲ್ಲ. ಕಷ್ಟ ಶುರುವಾಗುವುದು ಆ ಉತ್ತರವನ್ನು ನಂಬಿ ಟಿಕೆಟ್ ತೆಗೆದಾಗ.

ನಾನು ಕೇಳಿದ್ದು ಮಂಗಳೂರಿನಿಂದ ಹುಬ್ಬಳ್ಳಿಗೆ. ಬಂದ ಉತ್ತರ: ದೂರ ಸುಮಾರು 265 ಕಿಲೋಮೀಟರ್, ಹಾರಾಟದ ಸಮಯ 50 ನಿಮಿಷ. ರಸ್ತೆಯಲ್ಲಾದರೆ ಉಡುಪಿ, ಭಟ್ಕಳ, ಹೊನ್ನಾವರ, ಅಂಕೋಲಾ ಎಂದು ಕಡಲ ಬದಿ ಹಿಡಿದು ಹೋಗಿ, ಅರಬೈಲ್ ಘಾಟಿ ಹತ್ತಿ, ಯಲ್ಲಾಪುರ ದಾಟಿ 350 ಕಿಲೋಮೀಟರಿಗೂ ಹೆಚ್ಚು. ಐವತ್ತು ನಿಮಿಷ ಎಂದರೆ, ಸಂಜೆ ಹೊತ್ತಿಗೆ ಪಂಪ್‌ವೆಲ್ ವೃತ್ತದಿಂದ ಸುರತ್ಕಲ್‌ಗೆ ಹೋಗಲು ನಾನು ತೆಗೆದುಕೊಳ್ಳುವ ಸಮಯ. ಅಷ್ಟರಲ್ಲಿ ಹುಬ್ಬಳ್ಳಿ! ಭೂಪಟ ತೆರೆದು ನೋಡಿದರೆ ಅದೂ ಸರಿಯೇ. ಎರಡೂ ಊರು ಹೆಚ್ಚುಕಡಿಮೆ 75 ಡಿಗ್ರಿ ರೇಖಾಂಶದ ಆಚೀಚೆ ಇವೆ. ಮಂಗಳೂರಿನ ಮೇಲೆ ಸ್ಕೇಲ್ ಇಟ್ಟು ನೆಟ್ಟಗೆ ಉತ್ತರಕ್ಕೆ ಗೆರೆ ಎಳೆದರೆ ಹುಬ್ಬಳ್ಳಿಯ ಬುಡಕ್ಕೆ ಹೋಗಿ ನಿಲ್ಲುತ್ತದೆ.

ಈ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಭೂಮಿಯ ಗೋಳದ ಮೇಲೆ ಎರಡು ಚುಕ್ಕಿ ಇಡುವುದು, ನಡುವಿನ ಅತಿ ಹತ್ತಿರದ ದಾರಿ ಅಳೆಯುವುದು, ಗಂಟೆಗೆ 800 ಕಿಲೋಮೀಟರ್ ವೇಗದಿಂದ ಭಾಗಿಸುವುದು, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸುವುದು. ಮುಗಿಯಿತು. ಆ ದಾರಿಯಲ್ಲಿ ವಿಮಾನ ಹಾರುತ್ತದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೆ ಸೇರಿಲ್ಲ. ಮಂಗಳೂರಿನಿಂದ ಚಂದ್ರನಿಗೆ ಎಷ್ಟು ಹೊತ್ತು ಎಂದು ಕೇಳಿದರೂ ಅದು ಕೊನೆಗೆ ಅರ್ಧ ಗಂಟೆ ಸೇರಿಸಿ ಉತ್ತರ ಕೊಟ್ಟೀತು.

ಹುಬ್ಬಳ್ಳಿಯಲ್ಲಿ ದೋಸ್ತನ ಮಗಳ ಮದುವೆ. ಧಾರವಾಡದಲ್ಲಿ ಒಟ್ಟಿಗೆ ಓದಿದವರು ನಾವು. ಅವನು ಫೋನಿನಲ್ಲಿ ಮೊದಲೇ ಹೇಳಿದ್ದ: “ಲೇ ದೋಸ್ತಾ, ರಾತ್ರಿ ಬಸ್ಸಿಗೆ ಕುಂತ್ರ ಬೆಳಿಗ್ಗೆ ಚಾ ಕುಡ್ಯೂ ಹೊತ್ತಿಗೆ ಹುಬ್ಬಳ್ಳಿ. ಸುಮ್ನ ಬಸ್ಸಿಗೆ ಬಂದ್ಬಿಡು.” ನಾನು ನಕ್ಕೆ. ಐವತ್ತು ನಿಮಿಷದ ದಾರಿಗೆ ರಾತ್ರಿಯಿಡೀ ಬಸ್ಸೇ?

ನನ್ನ ಹೆಂಡತಿ ಮಾತ್ರ ಬಸ್ಸೇ ಸಾಕು ಎಂದಳು. ಹಿಂದಿನ ರಾತ್ರಿ ಹೊರಟು, ಮದುವೆ ಮುಗಿಸಿ, ಅದೇ ರಾತ್ರಿಯ ಬಸ್ಸಿಗೆ ಮಂಗಳೂರಿಗೆ ವಾಪಸ್ ಎಂದು ಹೋಗಿಬರುವ ಎರಡೂ ಸೀಟು ಕಾದಿರಿಸಿಕೊಂಡಳು. ಜೂನ್ ಮೊದಲ ವಾರ, ಶಾಲೆ ಆಗಷ್ಟೇ ತೆರೆದಿತ್ತು, ಟೀಚರಿಗೆ ರಜೆ ಸಿಗುವುದಿಲ್ಲ. “ನೀವೂ ಬನ್ನಿ, ಪಕ್ಕದ ಸೀಟು ಖಾಲಿ ಉಂಟು” ಎಂದಳು. ಆಗ ನಾನು ರೇಖಾಂಶದ ಬಗ್ಗೆ ಅವಳಿಗೆ ಒಂದು ಸಣ್ಣ ಪಾಠ ಮಾಡಿದೆ. ಭೂಗೋಳ ಕಲಿಸುವವಳು ಅವಳು.

ಟಿಕೆಟ್ ತೆಗೆಯಲು ಕುಳಿತಾಗ ಆ ದಿನಕ್ಕೆ ನೇರ ವಿಮಾನ ಕಾಣಿಸಲಿಲ್ಲ. ಕಾಣಿಸಿದ್ದೆಲ್ಲ ಬೆಂಗಳೂರಿನ ಮೇಲೆ. ಉತ್ತರಕ್ಕೆ ಹೋಗಬೇಕಾದವನು ಮೊದಲು ಪೂರ್ವಕ್ಕೆ ಸುಮಾರು 305 ಕಿಲೋಮೀಟರ್ ಹಾರಿ, ಅಲ್ಲಿಂದ ವಾಯವ್ಯಕ್ಕೆ ತಿರುಗಿ ಮತ್ತೆ 370 ಕಿಲೋಮೀಟರ್ ಹಾರಬೇಕು. 265 ಇದ್ದದ್ದು 675 ಆಯಿತು. ಬುದ್ಧಿ ಇದ್ದವನು ಅಲ್ಲಿಗೆ ಮೊಬೈಲ್ ಮುಚ್ಚಿಡುತ್ತಿದ್ದ. ನಾನು ಇನ್ನೂ ಬುದ್ಧಿ ಉಪಯೋಗಿಸಿದೆ. ಎರಡೂ ಹಾರಾಟಕ್ಕೆ ಸೇರಿ ಒಂದೇ ಟಿಕೆಟ್ ತೆಗೆದರೆ ದುಬಾರಿ. ಒಂದೊಂದನ್ನು ಬೇರೆ ಬೇರೆ ಕಂಪೆನಿಯಲ್ಲಿ ತೆಗೆದರೆ ಎಂಟುನೂರು ರೂಪಾಯಿ ಉಳಿತಾಯ! ಉಳಿಸಿದೆ. ಒಂದೇ ಟಿಕೆಟ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ನಮ್ಮನ್ನು ದಡ ಸೇರಿಸುವ ಹೊಣೆ ಕಂಪೆನಿಯದ್ದು. ಬೇರೆ ಬೇರೆ ತೆಗೆದರೆ ಆ ಹೊಣೆ ಪೂರ್ತಿ ನಮ್ಮದೇ ತಲೆಗೆ. ಈ ಜ್ಞಾನದ ಬೆಲೆ ಎಂಟುನೂರಕ್ಕಿಂತ ಬಹಳ ಹೆಚ್ಚು ಎಂದು ಮುಂದೆ ತಿಳಿಯಿತು.

ಹೊರಡುವ ದಿನ ಸಮಯ ಉಳಿಸಲೆಂದು ಮದುವೆಯ ಉಡುಪಿನಲ್ಲೇ ಮನೆ ಬಿಟ್ಟೆ. ಜರಿಯಂಚಿನ ಪಂಚೆ, ಜುಬ್ಬಾ, ಹೆಗಲಿಗೆ ಶಲ್ಯ. ಪೆಟ್ಟಿಗೆಯಲ್ಲಿ ಉಡಿ ತುಂಬಲೆಂದು ಆರಿಸಿ ತಂದ ಕೊಬ್ಬರಿ ಬಟ್ಟಲುಗಳು. ಹೆಂಡತಿ ಬಸ್ಸಿನಲ್ಲಿ ತಾನೇ ಒಯ್ಯುತ್ತೇನೆ ಎಂದಿದ್ದಳು. ವಿಮಾನದಲ್ಲಿ ಬಂದರೆ ತಾಜಾ ಇರುತ್ತದೆ ಎಂದು ನಾನೇ ಇಟ್ಟುಕೊಂಡಿದ್ದೆ. ಒಣ ಕೊಬ್ಬರಿ ತಾಜಾ ಇರುವುದು ಎಂದರೇನು ಎಂದು ದಯವಿಟ್ಟು ಕೇಳಬೇಡಿ.

ಬಜ್ಪೆಯ ವಿಮಾನ ನಿಲ್ದಾಣ ಗೊತ್ತಲ್ಲ, ಗುಡ್ಡದ ತಲೆ ಸಮತಟ್ಟು ಮಾಡಿ ಮಾಡಿದ ಜಾಗ. ಕೌಂಟರಿನ ಹುಡುಗಿ ಪೆಟ್ಟಿಗೆ ತೂಗುತ್ತಾ ಒಂದು ಚಿತ್ರಪಟ ತೋರಿಸಿ, ಇದರಲ್ಲಿ ಯಾವುದಾದರೂ ಉಂಟಾ ಎಂದು ಕೇಳಿದಳು. ಪಟಾಕಿ, ಲೈಟರ್, ಗ್ಯಾಸ್ ಸಿಲಿಂಡರ್. ನಾನು ಹೆಮ್ಮೆಯಿಂದ, “ಛೆ ಛೆ, ಇದರಲ್ಲಿರುವುದು ಬರೀ ಬಟ್ಟೆ, ಕೊಬ್ಬರಿ ಮತ್ತು ಪವರ್ ಬ್ಯಾಂಕ್” ಎಂದೆ. ಅವಳ ಕೈ ನಿಂತಿತು. ಪವರ್ ಬ್ಯಾಂಕ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಅದು ಹೋಗಲಿ, ಕೊಬ್ಬರಿ? ಮಾರಾಯ್ರೆ, ಒಣ ಕೊಬ್ಬರಿಗೆ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಯುಎನ್ 1363 ಎಂಬ ಸ್ವಂತ ನಂಬರೇ ಇದೆ. ಎಣ್ಣೆ ಅಂಶ ಜಾಸ್ತಿ, ಒಳಗೊಳಗೇ ಬಿಸಿಯಾಗಿ ತನ್ನಷ್ಟಕ್ಕೆ ಬೆಂಕಿ ಹಿಡಿಯಬಲ್ಲ ವಸ್ತುಗಳ ಸಾಲಿನಲ್ಲಿ ಅದನ್ನು ಕೂರಿಸಿದ್ದಾರೆ. ಇಷ್ಟು ವರ್ಷ ನಮ್ಮ ಅಡುಗೆಮನೆಯ ಡಬ್ಬದಲ್ಲಿ, ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದೆವು!

ಪೆಟ್ಟಿಗೆ ಅಲ್ಲೇ ನೆಲದ ಮೇಲೆ ಬಿಚ್ಚಬೇಕಾಯಿತು. ಹಿಂದೆ ಉದ್ದ ಸಾಲು. ಸೀರೆ ಸುತ್ತಿದ ಉಡುಗೊರೆ, ಬನಿಯನ್ನು, ಹಲ್ಲುಜ್ಜುವ ಬ್ರಷ್ಷು ಎಲ್ಲ ಹೊರಬಂದವು. ಒಂದು ಬಟ್ಟಲು ಕೈಜಾರಿ ಉರುಳುತ್ತಾ ಉರುಳುತ್ತಾ ಸಾಲಿನ ಕಾಲುಗಳ ನಡುವೆ ನುಗ್ಗಿತು. ಸಾಲಿನಲ್ಲಿದ್ದ ಹಿರಿಯರೊಬ್ಬರು ಅದನ್ನು ಹೆಕ್ಕಿ, ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ನನಗೆ ಕೊಟ್ಟರು. ಕೊನೆಗೆ ಕೊಬ್ಬರಿಯಷ್ಟನ್ನೂ ಹೊರಗೆ ನಿಂತಿದ್ದ ಟ್ಯಾಕ್ಸಿಯ ಚಾಲಕರಿಗೆ ಒಪ್ಪಿಸಿ ಬಂದೆ. ಅವರ ಮನೆಯಲ್ಲಿ ಆ ವಾರ ಯಾರ ಉಡಿ ತುಂಬಿತೋ.

ಭದ್ರತಾ ತಪಾಸಣೆಯಲ್ಲಿ ಚೌಕಟ್ಟು ಕೂಗಿತು. ಕೈಗಡಿಯಾರ ತೆಗೆದೆ, ಕೂಗಿತು. ನಾಣ್ಯ ತೆಗೆದೆ, ಕೂಗಿತು. ಜವಾನರು ಕೈಯಲ್ಲಿನ ಯಂತ್ರವನ್ನು ನನ್ನ ಮೈಮೇಲೆ ಆಡಿಸುತ್ತಾ ಬಂದರು, ಸೊಂಟದ ಹತ್ತಿರ ಅದು ಬೊಬ್ಬೆ ಹೊಡೆಯಿತು. ನಿಮಗೆ ಈಗಾಗಲೇ ಅಂದಾಜಾಗಿರಬೇಕು. ಬೆಳ್ಳಿಯ ಉಡಿದಾರ! ಅದನ್ನು ಹಿಂದಿಯಲ್ಲಿ ಏನೆನ್ನುತ್ತಾರೆಂದು ನನಗೆ ಬಾರದು, ಅಭಿನಯಿಸಿ ತೋರಿಸಲೂ ಅದು ಸರಿಯಾದ ಜಾಗವಲ್ಲ. ಪರದೆಯ ಹಿಂದೆ ಹೋಗಿ ಮಾನ ಉಳಿಸಿಕೊಂಡು, ಪಂಚೆ ಬಿಗಿದು ಕಟ್ಟಿ, ಚಪ್ಪಲಿ, ಗಡಿಯಾರ, ಶಲ್ಯ ಬಾಚಿಕೊಂಡು ಹೊರಬಿದ್ದೆ. ಪವರ್ ಬ್ಯಾಂಕ್ ಮತ್ತು ಅದರ ವೈರು ಟ್ರೇಯಲ್ಲೇ ಉಳಿದವು.

ಹೊರಗೆ ಮಳೆ. ಮಳೆಗಿಂತ ಹೆಚ್ಚಾಗಿ ಮೋಡ. ಗುಡ್ಡದ ಮೇಲಿನ ನಿಲ್ದಾಣ ನೋಡಿ, ಮೋಡಕ್ಕೆ ಆಕಾಶದಲ್ಲಿ ಇರುವಷ್ಟೇ ಹಕ್ಕು ರನ್‌ವೇ ಮೇಲೂ ಇದೆ. ನಮ್ಮನ್ನು ಒಯ್ಯಬೇಕಾದ ವಿಮಾನ ಬೆಂಗಳೂರಿನಿಂದ ಬಂದು, ಮೇಲೆ ಸುತ್ತು ಹೊಡೆಯಿತು. ಸದ್ದು ಕೇಳಿಸಿತು ಕೂಡ. ಎಲ್ಲರೂ ಎದ್ದು ಸಾಲು ನಿಂತೆವು. ಸದ್ದು ದೂರವಾಯಿತು. ಆಮೇಲೆ ಧ್ವನಿವರ್ಧಕ ಹೇಳಿತು: ನೆಲ ಕಾಣದ ಕಾರಣ ವಿಮಾನ ಬೆಂಗಳೂರಿಗೆ ಮರಳಿದೆ. ಅಂದರೆ ನನ್ನನ್ನು ಬೆಂಗಳೂರಿಗೆ ಮುಟ್ಟಿಸಬೇಕಾದ ವಿಮಾನ ಸರಿಯಾದ ಸಮಯಕ್ಕೆ ಬೆಂಗಳೂರು ಮುಟ್ಟಿತ್ತು, ನಾನೊಬ್ಬ ಅದರಲ್ಲಿರಲಿಲ್ಲ.

ಅದು ಮತ್ತೆ ಬಂದು, ನಾವು ಹತ್ತಿ, ದೇವನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಹುಬ್ಬಳ್ಳಿ ವಿಮಾನದ ಸಮಯ ಮೀರಿತ್ತು. ಟಿಕೆಟ್ಟಿನಲ್ಲಿ ಬರೆದ ಒಂದು ಗಂಟೆಯ ಬಗ್ಗೆಯೂ ಹೇಳಬೇಕು. ಅದು ಹಾರುವ ಸಮಯ ಅಲ್ಲ. ಇಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ ಅಲ್ಲಿ ಮತ್ತೆ ಅಡ್ಡಗಟ್ಟೆ ಇಡುವ ಕ್ಷಣದವರೆಗಿನದು. ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯೂ ಇಲ್ಲ. ಮಿಕ್ಕ ಹೊತ್ತು ನಾವು ರೆಕ್ಕೆ ಇರುವ ಬಸ್ಸಿನಲ್ಲಿ ನೆಲದ ಮೇಲೇ ಓಡಾಡುತ್ತಿರುತ್ತೇವೆ.

ಆದರೆ ದೇವರು ದೊಡ್ಡವನು. ಮೊಬೈಲಿನಲ್ಲಿ ಉಳಿದಿದ್ದ ಕೊನೆಯ ಉಸಿರಿನಲ್ಲಿ ಒಂದು ಸಂದೇಶ ಬಂತು: ಹುಬ್ಬಳ್ಳಿ ವಿಮಾನವೂ ತಡ! ಅಷ್ಟು ಹೇಳಿ ಮೊಬೈಲ್ ಕಣ್ಣು ಮುಚ್ಚಿತು. ನಾನು ಪಂಚೆ ಎತ್ತಿ ಕಟ್ಟಿ ಓಡಿದೆ. ಪೆಟ್ಟಿಗೆ ಬರುವ ಬೆಲ್ಟಿನ ಮುಂದೆ ಕುಣಿದಾಡಿದೆ, ಪೆಟ್ಟಿಗೆ ಎಳೆದುಕೊಂಡು ಹೊರಗೆ ಬಂದೆ, ಎದುರಿಗೆ ಕಂಡ ಷಟಲ್ ಬಸ್ ಹತ್ತಿ ಎರಡನೇ ಟರ್ಮಿನಲ್ಲಿಗೆ ಹೋದೆ. ಏಕೆ ಎರಡನೆಯದು? ಏಕೆಂದರೆ ಅದು 2022ರಲ್ಲಿ ಉದ್ಘಾಟನೆಯಾದದ್ದು, ಹೊಸದು, ಬಿದಿರಿನ ಮಾಡು, ನೇತಾಡುವ ಗಿಡಗಳು, ಫೋಟೊದಲ್ಲಿ ನೋಡಿ ಮೆಚ್ಚಿದ್ದೆ. ನನ್ನಂಥವನು ಹೋಗಬೇಕಾದ ಕಡೆಯೇ ಅದು ಎಂದು ಮನಸ್ಸು ಹೇಳಿತು. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಟಿಕೆಟ್ ಕೇಳಿದರು. ಹೆಂಡತಿ ಒತ್ತಾಯದಿಂದ ಪ್ರಿಂಟ್ ತೆಗೆಸಿ ಜುಬ್ಬಾದ ಜೇಬಿಗೆ ತುರುಕಿದ್ದ ಕಾಗದ ಕೊಟ್ಟೆ. ಅವರು ನಿಧಾನವಾಗಿ ಓದಿ, ಬೆರಳಿಟ್ಟು ತೋರಿಸಿದರು. ‘ಟರ್ಮಿನಲ್ 1’ ಎಂದು ದಪ್ಪ ಅಕ್ಷರದಲ್ಲಿತ್ತು. ನಾನು ಬಂದು ಇಳಿದದ್ದು ಅಲ್ಲೇ.

ಮತ್ತೆ ಷಟಲ್ ಬಸ್. ಮತ್ತೆ ಓಟ. ದೇಶದೊಳಗಿನ ಹಾರಾಟಕ್ಕೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುವುದು ಸಾಮಾನ್ಯ. ವಿಮಾನ ಇನ್ನೂ ನೆಲದ ಮೇಲೇ ಇತ್ತು, ಗಾಜಿನಾಚೆ ಅದರ ಬಾಲವೂ ಕಾಣುತ್ತಿತ್ತು. ಕೌಂಟರ್ ಮುಚ್ಚಿತ್ತು. ಅಲ್ಲಿದ್ದ ಗೋಡೆ ಗಡಿಯಾರದಲ್ಲಿ ನೋಡನೋಡುತ್ತಾ ಮುಹೂರ್ತವೂ ಆಯಿತು. ಶಲ್ಯದ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಅಕ್ಷತೆಯನ್ನು ಏನು ಮಾಡುವುದು ಎಂದು ತಿಳಿಯದೆ, ವಾಯವ್ಯ ದಿಕ್ಕಿಗೆ ತಿರುಗಿ ನಾಲ್ಕು ಕಾಳು ಹಾಕಿದೆ. ಅವು ನೆಲ ಒರೆಸುತ್ತಿದ್ದ ಅಮ್ಮನ ಬಕೆಟ್ಟಿಗೆ ಬಿದ್ದವು. ಅವರು ನನ್ನ ಪಂಚೆ, ಶಲ್ಯ ನೋಡಿ, “ಒಳ್ಳೇದಾಗ್ಲಿ ಸ್ವಾಮಿ” ಎಂದರು.

ಹೆಂಡತಿಗೆ ಫೋನ್ ಮಾಡೋಣವೆಂದರೆ ಮೊಬೈಲ್ ಸತ್ತಿದೆ. ಬೇರೆಯವರ ಫೋನ್ ಕೇಳೋಣವೆಂದರೆ ನಂಬರ್ ಗೊತ್ತಿರಬೇಕಲ್ಲ! ಕೈಮೇಲೆತ್ತಿ ಹೇಳಿ, ನಿಮ್ಮಲ್ಲಿ ಎಷ್ಟು ಮಂದಿಗೆ ಹೆಂಡತಿಯ ನಂಬರ್ ಬಾಯಿಪಾಠ ಉಂಟು? ನನಗೆ ಬಾಯಿಗೆ ಬರುವುದು ಒಂದೇ ನಂಬರ್, ನಮ್ಮ ಮನೆಯ ಹಳೇ ಲ್ಯಾಂಡ್‌ಲೈನಿನದು. ಅದನ್ನು ಕಡಿಸಿ ಯುಗವಾಯಿತು.

ಮುಂದಿನ ಹುಬ್ಬಳ್ಳಿ ವಿಮಾನದಲ್ಲಿ ಸೀಟಿಲ್ಲ. ಕೌಂಟರಿನವರು ಬೆಳಗಾವಿಗೆ ಮಧ್ಯಾಹ್ನ ಒಂದಿದೆ ಎಂದರು. ನನ್ನ ತಲೆಯೊಳಗಿನ ಲೆಕ್ಕಿಗ ಮತ್ತೆ ಎದ್ದು ಕುಳಿತ. ಹುಬ್ಬಳ್ಳಿ–ಬೆಳಗಾವಿ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ 75 ಕಿಲೋಮೀಟರ್ ಕೂಡ ಇಲ್ಲ ಎಂದು ಒಂದು ರಾತ್ರಿ ನೋಡಿಟ್ಟಿದ್ದೆ, ವಿದ್ಯೆ ಯಾವತ್ತಿಗಾದರೂ ಉಪಯೋಗಕ್ಕೆ ಬರುತ್ತದೆ ನೋಡಿ. ಕೊಡಿ ಎಂದೆ. ಬೇಗ ಇಳಿದು ಓಡಬೇಕಲ್ಲ, ಆದ್ದರಿಂದ ಹೆಚ್ಚು ದುಡ್ಡು ಕೊಟ್ಟು ಮೊದಲ ಸಾಲಿನ ಕಿಟಕಿ ಸೀಟನ್ನೇ ತೆಗೆದುಕೊಂಡೆ.

ಅದು ಎಟಿಆರ್ ವಿಮಾನ. ಫ್ರಾನ್ಸಿನ ತುಲೂಸ್‌ನಲ್ಲಿ ತಯಾರಾಗುವ, ಸಣ್ಣ ಊರುಗಳಿಗೆ ಹಾರುವ, ಫ್ಯಾನು ತಿರುಗುವ ವಿಮಾನ. ಗಂಟೆಗೆ 500 ಕಿಲೋಮೀಟರ್ ಆಸುಪಾಸಿನ ವೇಗ. ನನ್ನ ಐವತ್ತು ನಿಮಿಷದ ಲೆಕ್ಕದಲ್ಲಿದ್ದ 800 ಇಲ್ಲಿ ನಡೆಯುವುದಿಲ್ಲ. ಅದರ ಇನ್ನೊಂದು ವಿಶೇಷ ಹತ್ತುವಾಗ ತಿಳಿಯಿತು: ಪ್ರಯಾಣಿಕರ ಬಾಗಿಲು ಇರುವುದು ಹಿಂದೆ! ಮುಂದಿನ ಭಾಗದಲ್ಲಿ ಸಾಮಾನು ತುಂಬುತ್ತಾರೆ. ಹೆಚ್ಚು ದುಡ್ಡು ಕೊಟ್ಟ ನಾನು ಎಲ್ಲರ ಮೊಣಕೈಗೂ ಶಲ್ಯ ಸಿಕ್ಕಿಸಿಕೊಳ್ಳುತ್ತಾ ಕೊನೆಯ ಸಾಲಿನಿಂದ ಮೊದಲ ಸಾಲಿನವರೆಗೆ ನಡೆದೆ. ಇಳಿಯುವಾಗ ಎಲ್ಲರೂ ಇಳಿದ ಮೇಲೆ ಇಳಿಯುವ ಗೌರವವೂ ನನ್ನದೇ.

ರೆಕ್ಕೆ ಮೇಲೆ ಇರುವುದರಿಂದ ಎಟಿಆರ್ ಕಿಟಕಿಯಲ್ಲಿ ನೆಲ ಚೆನ್ನಾಗಿ ಕಾಣುತ್ತದೆ. ಇದನ್ನು ನಾನು ಸಂತೋಷದ ಸುದ್ದಿ ಎಂದುಕೊಂಡೆ. ಬೆಂಗಳೂರಿನಿಂದ ಬೆಳಗಾವಿಗೆ ನೇರ ಗೆರೆ ಎಳೆದರೆ ಅದು ಎಲ್ಲಿ ಹಾದುಹೋಗುತ್ತದೆ ಗೊತ್ತೇ? ಹುಬ್ಬಳ್ಳಿಯ ಉತ್ತರಕ್ಕೆ ಹತ್ತು ಕಿಲೋಮೀಟರ್ ಅಂತರದಲ್ಲಿ! ಎಡಗಡೆಯ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದೆ. ಮೋಡ ಸರಿದು ಕೆಳಗೆ ಕಪ್ಪು ಹೊಲಗಳು, ಆಮೇಲೆ ದಟ್ಟವಾಗಿ ಮನೆಗಳು, ಪಕ್ಕದಲ್ಲಿ ಒಂದು ಕೆರೆ. ಉಣಕಲ್ ಕೆರೆಯೇ ಇರಬೇಕು. ಅದರ ಆಸುಪಾಸಿನ ಯಾವುದೋ ಕಲ್ಯಾಣಮಂಟಪದಲ್ಲಿ ಈಗ ಕೊನೆಯ ಪಂಕ್ತಿ ಎದ್ದಿರುತ್ತದೆ, ಹೋಳಿಗೆಯ ಬುಟ್ಟಿಯಲ್ಲಿ ತಳದ ನಾಲ್ಕು ಉಳಿದಿರುತ್ತವೆ, ದೋಸ್ತ ಅದನ್ನು ‘ನಮ್ಮ ಮಂಗಳೂರಾಂವ ಬರ್ತಾನ’ ಎಂದು ಎತ್ತಿಡಿಸಿರುತ್ತಾನೆ. ಗಗನಸಖಿ ಬಂದು ಏನಾದರೂ ಬೇಕೇ ಎಂದು ಕೇಳಿದರು. ಇಲ್ಲೇ ಸ್ವಲ್ಪ ನಿಲ್ಲಿಸಲಿಕ್ಕೆ ಆಗುತ್ತದಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಣ ಸ್ಯಾಂಡ್‌ವಿಚ್ ಕೊಂಡೆ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಎರಡನೇ ಮಹಾಯುದ್ಧದ ಕಾಲದ್ದು, 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ್ದು. ಅಲ್ಲಿಂದ ಆಟೊ ಹಿಡಿದು ಬೆಳಗಾವಿ ಬಸ್ ನಿಲ್ದಾಣಕ್ಕೆ ಬಂದಾಗ ಸಂಜೆಯ ಜಿಟಿಜಿಟಿ ಮಳೆ. ಹುಬ್ಬಳ್ಳಿ ಕಡೆಗೆ ಮೂತಿ ಮಾಡಿ ನಿಂತಿದ್ದ ಒಂದು ಬಸ್ಸನ್ನು ಬೋರ್ಡೂ ಓದದೆ ಹತ್ತಿದೆ. ಬಸ್ಸಿಡೀ ಖಾಲಿ, ಆದರೂ ಕಂಡಕ್ಟರರು ನಾನು ಕುಳಿತಲ್ಲೆಲ್ಲ ಎಬ್ಬಿಸಿದರು. “ಇದು ರಿಸರ್ವೇಶನ್ ಐತ್ರಿ ಯಜಮಾನ್ರ. ಅದೂ ರಿಸರ್ವೇಶನ್. ಮುಂದಿಂದೂ ಎಲ್ಲಾ ಹುಬ್ಬಳ್ಳ್ಯಾಗ ಹತ್ತವ್ರದು. ಇರ್ಲಿ ಬಿಡ್ರಿ, ಕಿಡಕಿ ಬಾಜೂ ಕೂಡ್ರಿ, ಹುಬ್ಬಳ್ಳಿ ತನಕಾ ಯಾರೂ ಕೇಳಾಂಗಿಲ್ಲ.” ಕುಳಿತೆ. ಕಿತ್ತೂರು ಬರುವ ಮೊದಲೇ ನಿದ್ದೆ ಹತ್ತಿತು. 305, 445, ಮೇಲೆ ರಸ್ತೆಯ ನೂರು. ಒಟ್ಟು 850 ಕಿಲೋಮೀಟರ್ ಎಂದು ಕೂಡಿಸುತ್ತಿದ್ದದ್ದು ಕೊನೆಯ ನೆನಪು.

“ಸ್ವಲ್ಪ ಏಳ್ತೀರಾ, ಇದು ನನ್ನ ಸೀಟು.”

ಪರಿಚಯದ ಧ್ವನಿ. ಕಣ್ಣು ಬಿಟ್ಟರೆ ಹುಬ್ಬಳ್ಳಿ, ಗೋಕುಲ ರಸ್ತೆಯ ಬಸ್ ನಿಲ್ದಾಣ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ವಿಮಾನ ನಿಲ್ದಾಣ. ಪಕ್ಕದಲ್ಲಿ ಒಂದು ಕೈಯಲ್ಲಿ ತಾಂಬೂಲದ ಚೀಲ, ಇನ್ನೊಂದರಲ್ಲಿ ಟಿಕೆಟ್ ಹಿಡಿದು ನಿಂತವಳು ನನ್ನ ಹೆಂಡತಿ. ಇದು ಬೆಳಗಾವಿಯಿಂದ ಹುಬ್ಬಳ್ಳಿ ಮೇಲೆ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸು! ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಸೀಟಿನ ನಂಬರ್ ನೋಡಿದಳು. ನಂಬರ್ ಸರಿ ಇತ್ತು.

ಅವಳನ್ನು ಬಸ್ ಹತ್ತಿಸಲು ಬಂದಿದ್ದ ದೋಸ್ತ ಕಿಟಕಿಯ ಹೊರಗೆ ಕೊಡೆ ಹಿಡಿದು ನಿಂತಿದ್ದ. ನನ್ನನ್ನು ಕಂಡವನೇ ಕೊಡೆ ಕೆಳಗಿಳಿಸಿದ. “ಲೇ ದೋಸ್ತಾ! ಮದುವಿಗೆ ಬಾ ಅಂದ್ರ ಬರ್ಲಿಲ್ಲ, ಹೆಂಡ್ತೀನ್ನ ಕರ್ಕೊಂಡು ಹೋಗಾಕ ಬೆಳಗಾವಿತನಾ ಹೋಗಿ ಸೀಟ್ ಹಿಡಕೊಂಡು ಬಂದಿಯಲ್ಲೋ!” ಎಂದು ಕಿಟಕಿಯೊಳಗೆ ಕೈ ತೂರಿಸಿ ಹೋಳಿಗೆಯ ಡಬ್ಬಿ ಕೊಟ್ಟ. ಅವನ ಕಣ್ಣಲ್ಲಿ ನಿಜವಾದ ಮೆಚ್ಚುಗೆ ಇತ್ತು. ನಾನದನ್ನು ತಿದ್ದಲಿಲ್ಲ.

ಅಷ್ಟರಲ್ಲಿ ಕಂಡಕ್ಟರರು ಬಂದರು. “ಯಜಮಾನ್ರ, ನಿಮ್ದು ಹುಬ್ಬಳ್ಳಿ ಟಿಕೇಟ್. ಇಳೀರಿ.”

ಇಳಿಯಬಹುದಿತ್ತು. ಮರುದಿನ ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮಂಗಳೂರಿಗೆ, ಬೇರೆ ಬೇರೆ ಕಂಪೆನಿಯ, ದುಡ್ಡು ವಾಪಸ್ ಬಾರದ ಎರಡು ಟಿಕೆಟ್ ಜೇಬಿನಲ್ಲಿದ್ದವು. ಬಸ್ಸಿನಲ್ಲಿ ಒಂದೂ ಸೀಟು ಉಳಿದಿರಲಿಲ್ಲ, ಡ್ರೈವರ್ ಪಕ್ಕದ ಬಾನೆಟ್ ಮೇಲೆ ಮಾತ್ರ ಒಬ್ಬರಿಗೆ ಜಾಗ ಇತ್ತು.

“ಮಂಗಳೂರಿಗೆ ಒಂದು ಕೊಡಿ” ಎಂದೆ.

ಹೆಂಡತಿ ಕಿಟಕಿಯ ಬದಿ ಕುಳಿತು, ಶಲ್ಯ ನನ್ನಿಂದ ಇಸಿದುಕೊಂಡು ಹೊದ್ದುಕೊಂಡಳು. ಬಸ್ಸು ಹೊರಟ ಮೇಲೆ, ಬಾನೆಟ್ಟಿನ ಮೇಲೆ ಪಂಚೆ ಮಡಚಿ ಕುಳಿತಿದ್ದ ನನ್ನ ಹತ್ತಿರ ಬಾಗಿ ಒಂದೇ ಮಾತು ಕೇಳಿದಳು.

“ಕೊಬ್ಬರಿ ಎಲ್ಲಿ?”